ಹೆಸರು ಹೇಳಿ ಒಳಗೆ ಬಾ

ಅಗರಖೇಡ
೯ ಫೆಬ್ರುವರಿ ೨೦೨೪

ಗೆಳತಿ ರಾಜೇಶ್ವರಿಗೆ ರೇಣವ್ವನ ನಮಸ್ಕಾರ.

ಇದೇನು ಪರಕೀಯರಿಗೆ ಬರೆದ ಹಾಗೆ ಎನ್ನಬೇಡ. ನೀನೀಗ ವಿಮಾನ ನಿಲ್ದಾಣದ ಇಮಿಗ್ರೇಶನ್ ಮೇಡಂ. ನಿನ್ನ ಸಾಂತ್ವನದ ಪತ್ರ ತಲುಪಿತು. 'ನಾನು ನನ್ನ ಕೆಲಸ ಮಾಡಿದೆ ರೇಣಾ' ಎಂದು ಎರಡು ಸಲ ಬರೆದಿದ್ದೀಯ. ಒಂದು ಸಲ ಸಾಕಿತ್ತು.

ಹನ್ನೊಂದು ವರ್ಷ ಮಸ್ಕತ್ತಿನಲ್ಲಿ ಕ್ರೇನ್ ಓಡಿಸಿದ ನಮ್ಮ ಮನೆಯವರು ಅಲ್ಲಿನ ಆಸ್ಪತ್ರೆಯಲ್ಲಿ ಕೊನೆಯ ಉಸಿರು ಎಳೆಯುತ್ತಿದ್ದರು. ಹೆಂಡತಿ ಬೇಗ ಬಂದು ಮುಖ ನೋಡಲಿ ಎಂದು ಕಂಪನಿಯವರೇ ವೀಸಾ, ಟಿಕೆಟ್ ಕಳಿಸಿದ್ದರು. ನಿಮ್ಮ ಕೌಂಟರಿನವರು ಗಂಡನ ಹೆಸರು ಕೇಳಿದರು. "ಅದ್ರಾಗ ಬರದೈತ್ರಿ, ನೀವ ಓದ್ಕೋರಿ" ಎಂದೆ. ಮತ್ತೆ ಕೇಳಿದರು. ಇಪ್ಪತ್ತು ವರ್ಷ ಬಾಯಿಗೆ ತಂದುಕೊಳ್ಳದ ಹೆಸರು. ಅವರು ಸಾಯುತ್ತಿರುವ ಹೊತ್ತಿನಲ್ಲಿ ಹೇಳಿ ಆಯುಷ್ಯಕ್ಕೆ ಕುತ್ತು ತರಲೇ ಎಂದು ತುಟಿ ಬಿಗಿಹಿಡಿದೆ. ಗಂಡನ ಹೆಸರೇ ಗೊತ್ತಿಲ್ಲದವಳು, ಯಾರೋ ಏಜೆಂಟ್ ಸಾಗಿಸುತ್ತಿರುವ ಹೆಂಗಸು ಎಂದು ಅವರಿಗೆ ಅನುಮಾನ ಬಂತು. ಅವರ ಮೇಲೆ ನನಗೆ ಸಿಟ್ಟಿಲ್ಲ. ನಮ್ಮ ಕಡೆಯ ರೀತಿ ಅವರಿಗೆ ಗೊತ್ತಿರಲಿಲ್ಲ.

ನಿನಗೆ ಗೊತ್ತಿತ್ತು.

ಅವರು ಕರೆದಾಗ ನೀನು ಬಂದೆ. ನನಗೆ ಹೋದ ಜೀವ ಬಂದಂತಾಯಿತು. ಪಾಸ್‌ಪೋರ್ಟ್ ನೋಡಿದೆ, ನನ್ನನ್ನೂ ನೋಡಿದೆ, ನಿಯಮದ ಪ್ರಕಾರ ವಿಚಾರಿಸಿ ಎಂದು ಹೇಳಿ ಹೊರಟೇಬಿಟ್ಟೆ. ಸಿಂದಗಿಯಲ್ಲಿ ನಿನ್ನನ್ನು ಮನೆ ತುಂಬಿಸಿಕೊಂಡ ದಿನ ನೆನಪಿದೆಯೇ? ನಾದಿನಿಯರು ಬಾಗಿಲಿಗೆ ಅಡ್ಡ ನಿಂತು, ಗಂಡನ ಹೆಸರು ಹೇಳಿ ಒಳಗೆ ಬಾ ಎಂದಿದ್ದರು. ನಿನಗೆ, ಶಾಸ್ತ್ರಕ್ಕಷ್ಟೇ ಗಂಡನ ಹೆಸರು ಸೇರಿಸಿ ಹೇಳುವ ಒಡಪು ಮರೆತು ಕಣ್ಣಲ್ಲಿ ನೀರು ಬಂದಿತ್ತು. ಹಿಂದೆ ನಿಂತು ಕಿವಿಯಲ್ಲಿ ಹೇಳಿಕೊಟ್ಟವಳು ನಾನು: "ಹೊಲಕ್ಕ ಬೇಲಿ, ಮನಿಗಿ ಬಾಗಿಲ, ಸಂಜೀವಕುಮಾರರ ಹೆಸರ ಹೇಳೇನಿ, ಬಿಡ್ರಿ ಬಾಗಿಲ." ನೀನು ಒಳಗೆ ಹೋದೆ.

ನಮ್ಮ ಕಡೆ ಹೆಣ್ಣುಮಕ್ಕಳು ಗಂಡನ ಹೆಸರು ಹೇಳುವುದಿಲ್ಲ ಎಂದು ನೀನು ಒಂದು ಮಾತು ಆಡಿದ್ದರೆ ನನಗೂ ಬಾಗಿಲು ಬಿಡುತ್ತಿದ್ದರು.

ಒಳಕೋಣೆಯಲ್ಲಿ ಎರಡು ತಾಸು ಕೂಡಿಸಿದರು. ಇಲ್ಲಿ ನಿಮ್ಮ ಪರಿಚಯದವರು ಯಾರಾದರೂ ಇದ್ದಾರೆಯೇ ಎಂದು ಕೇಳಿದರು. ಗಾಜಿನಾಚೆ ನೀನು ಚಹಾ ಕುಡಿಯುತ್ತಿದ್ದೆ. ಯಾರೂ ಇಲ್ಲ ಎಂದೆ. ಸುಳ್ಳು ಹೇಳಿದೆ ಎಂದು ಅನ್ನಿಸಲೇ ಇಲ್ಲ. ಅವರು ಕಂಪನಿಗೆ ಫೋನ್ ಮಾಡಿ ಎಲ್ಲ ಸರಿ ಇದೆ ಎನ್ನುವಷ್ಟರಲ್ಲಿ ವಿಮಾನ ಹೋಗಿತ್ತು. ನಾಳೆ ಹೋಗಬಹುದು ಎಂದರು. ನಮ್ಮ ಮನೆಯವರು ಅಂದೇ ಸಂಜೆ ತೀರಿಕೊಂಡರು.

ಇನ್ನು ಪತ್ರ ಬರೆಯಬೇಡ. ಸಂಜೀವಕುಮಾರರ ಆಯುಷ್ಯ ಗಟ್ಟಿಯಿರಲಿ.

ನಿನ್ನ ಪರಿಚಯವಿಲ್ಲದ,
ರೇಣವ್ವ

ತಾ.ಕ.: ಅವರನ್ನಿಟ್ಟ ಪೆಟ್ಟಿಗೆಯೂ ಅದೇ ನಿಲ್ದಾಣಕ್ಕೆ ಬಂತು. ಸರಕು ಇಳಿಸುವ ಕಡೆ ಗುಮಾಸ್ತ ತೀರಿಕೊಂಡವರ ಹೆಸರು ಕೇಳಿದ. ಭೀಮಶ್ಯಾ ಎಂದೆ, ತಡವರಿಸದೆ. ಕೂಡಲೇ ಗೇಟು ತೆರೆದರು.