ತಣ್ಣನೂಟದ ಹಬ್ಬದಲ್ಲಿ ಹಚ್ಚಿದ ಒಲೆ

ತಣ್ಣನೂಟದ ಮೊದಲ ದಿನ. ಬೆಳಿಗ್ಗೆ

ತಣ್ಣನೆ ಜವೆಗೋಧಿ ಗಂಜಿ. ನಾಳೆಯೂ ಇದೇ. ನಾಡಿದ್ದೂ ಇದೇ. ಹಬ್ಬ ಮುಗಿಯುವವರೆಗೆ ಲಿನ್‌ಆನ್ ಪಟ್ಟಣದಲ್ಲಿ ಯಾರ ಒಲೆಯೂ ಉರಿಯುವಂತಿಲ್ಲ. ಯಾವ ಕಾಲದಲ್ಲೋ ಯಾವನೋ ಪುಣ್ಯಾತ್ಮ ಬೆಂಕಿಯಲ್ಲಿ ಸತ್ತನಂತೆ. ಅದಕ್ಕೆ ನನ್ನ ಹೊಟ್ಟೆಗೆ ಶಿಕ್ಷೆ.

ಕೇರಿ ಯಜಮಾನ ಹೌ ಬಂದು ಹೋದ. ಒಲೆಯ ಬೂದಿಗೆ ಕೋಳಿ ಗರಿ ಚುಚ್ಚಿ ನೋಡುತ್ತಾನೆ. ಗರಿ ಕಮರಿದರೆ ಬಿದಿರಿನ ಏಟು. ಹಳೆಯ ಸಿಪಾಯಿ ಈ ಹೌ. ಬಿಲ್ಲು ಎಳೆಯಲು ಹೆಬ್ಬೆರಳಿಗೆ ಹಾಕುವ ಕಲ್ಲಿನ ಉಂಗುರ ಇನ್ನೂ ಬಿಚ್ಚಿಲ್ಲ. ಬೂದಿ ಕೆದಕುವಾಗಲೂ ಅದು ಬೇಕು. ಜಂಬದವರನ್ನು ಕಂಡರೆ ನನಗಾಗದು.

"ನೋಡ್ಕೋ ಯಜಮಾನ, ಗರಿ ಬೆಳ್ಳಗೈತೆ."

"ನಿನ್ನ ನಾಲಿಗೆಗೆ ಚುಚ್ಚಿದ್ರೆ ಉರಿದೇ ಹೋಗ್ತಿತ್ತು, ಬಿಡು."

ನಿನ್ನೆಯ ಹೊಟ್ಟೆಕಿಚ್ಚು! ಚಹಾದಂಗಡಿಯಲ್ಲಿ ಕೊನೆಯ ಬಿಸಿ ಚಹಾ ಕುಡಿಯುತ್ತ ನಾನು ಆಡಿದ ಮಾತಿಗೆ ಜನ ಮೇಜು ಬಡಿದು ನಕ್ಕಿದ್ದರು. ಹೌ ಒಬ್ಬ ನಗಲಿಲ್ಲ. ಅಕ್ಕಿ ಅಂಗಡಿಯ ಪಾಂಗ್ ಅಕ್ಕಿಗೆ ಮರಳು ಬೆರೆಸುತ್ತಾನೆ. "ಅವನ ಅಳತೆ ಡಬ್ಬದಿಂದಲೇ ಅವನ ಬುರುಡೆ ಒಡೀತೀನಿ, ನೋಡ್ತಿರಿ" ಎಂದಿದ್ದೆ. ಅಣ್ಣನ ಮಗ ವೆನ್‌ಶೌ ಪಕ್ಕದಲ್ಲೇ ಕೂತಿದ್ದ. ಅಣ್ಣ ಸತ್ತ ಮೇಲೆ ನಾನೇ ಸಾಕಿದವನು. ಬೀಸಣಿಗೆ ಅಂಗಡಿ ಈಗ ಅವನದೇ ಕೈಯಲ್ಲಿ. ಮದುವೆಯ ವಯಸ್ಸಾದರೂ ನಾನು ಹುಲಿ ಹೊಡೆದ ಕತೆ ಕೇಳುವಾಗ ತೆರೆದ ಬಾಯಿ ಮುಚ್ಚುವುದಿಲ್ಲ.

ಅದೇ ದಿನ. ಹೊತ್ತು ಇಳಿದ ಮೇಲೆ

ಪಾಂಗ್ ಸತ್ತಿದ್ದಾನೆ.

ಅಂಗಡಿಯಲ್ಲೇ ಬಿದ್ದಿದ್ದ. ಹಣೆ ಒಡೆದಿದೆ. ತಲೆಯ ಪಕ್ಕ ಅಳತೆ ಡಬ್ಬ. ನಾನು ಹೇಳಿದ ಹಾಗೆಯೇ! ಬಾಯಿ ಬಿಟ್ಟರೆ ಹೀಗೂ ಆಗುತ್ತದೆಯೇ? ಊರವರ ಜೊತೆ ನಾವೂ ಓಡಿ ಹೋಗಿ ನೋಡಿಬಂದೆವು. ಹಿಂದೆಯೇ ಹೌ, ಸಿಪಾಯಿಗಳನ್ನು ಕರೆದುಕೊಂಡು ನಮ್ಮ ಅಂಗಡಿಗೆ.

"ಮೂರನೆಯವನೇ, ಏಳು. ನಿನ್ನೆ ಏನು ಹೇಳಿದ್ದೆ, ಜ್ಞಾಪಕ ಇದೆಯಾ?"

ಮನೆಯ ಮೂರನೇ ಮಗನನ್ನು ಊರು ಕರೆಯುವುದೇ ಹಾಗೆ. ನಾನು ಉತ್ತರ ಕೊಡುವ ಮೊದಲೇ ವೆನ್‌ಶೌ ಅಂಟಿನ ಕುಂಚ ಕೆಳಗಿಟ್ಟ. ಕೈ ಒರೆಸಿಕೊಂಡ. "ಚಿಕ್ಕಪ್ಪನ್ನ ಬಿಡಿ. ನಾನು ಹೊಡ್ದಿದ್ದು" ಎಂದ.

ತಲೆ ಚಚ್ಚಿಕೊಳ್ಳಬೇಕು. ಇರುವೆ ತುಳಿಯದ ಹುಡುಗ. ನಾನೇ ಮಾಡಿದೆ ಎನ್ನಲು ಬಾಯಿ ತೆರೆದೆ. ತೆರೆದೇ ಇತ್ತು. ಮಾತು ಹೊರಡಲಿಲ್ಲ. ನನ್ನ ಬಾಯಿ ಕೈಕೊಟ್ಟದ್ದು ಇದೇ ಮೊದಲು.

ಎರಡನೇ ದಿನ. ಬೆಳಿಗ್ಗೆ

ಸೆರೆಮನೆಗೆ ತಣ್ಣನೆ ಖರ್ಜೂರದ ಕಡುಬು ಒಯ್ದೆ. ಕಂಬಿಯ ಹಿಂದೆ ಆರಾಮವಾಗಿ ಕೂತಿದ್ದಾನೆ, ಮದುಮಗನ ಹಾಗೆ.

"ಯಾಕೋ ಸುಳ್ಳು ಹೇಳ್ದೆ, ಮಂಕೇ?"

"ಮೆಲ್ಲಗೆ, ಚಿಕ್ಕಪ್ಪ." ಕಂಬಿಗೆ ಮುಖ ಒತ್ತಿದ. "ನನಗೆ ಗೊತ್ತು. ಹೇಳಿದ ಮಾತು ನಡೆಸಿಬಿಟ್ರಿ. ಅಂಥ ಪಾಪಿಗೆ ಹಾಗೇ ಆಗ್ಬೇಕು."

"ನಾನು ಮಾಡಿಲ್ಲ ಕಣೋ!"

"ಹ್ಞಾ, ಹೀಗೇ ಹೇಳ್ತಿರಿ. ತುಂಬಾ ಚೆನ್ನಾಗಿ ಹೇಳ್ತೀರಿ."

ಕಣ್ಣು ಬೇರೆ ಹೊಡೆದ! ಅಪ್ಪನ ಜಾಗದಲ್ಲಿ ನಿಂತವರಿಗಾಗಿ ಪ್ರಾಣ ಕೊಡುವುದು ದೊಡ್ಡ ಪುಣ್ಯವಂತೆ. ಶಾಲೆಯಲ್ಲಿ ಕಲಿತಿದ್ದಾನೆ. ಆ ಮೇಷ್ಟ್ರಿಗೆ ವರ್ಷಾವರ್ಷ ಬಾತುಕೋಳಿ ಕೊಟ್ಟು ಕಳಿಸಿದವನು ನಾನೇ.

ಅದೇ ದಿನ. ಮಧ್ಯಾಹ್ನ

ಪಾಂಗನ ಅಂಗಡಿಗೆ ಹೋದೆ. ಹೆಣ ಪರೀಕ್ಷೆ ಮಾಡುವ ದಿಂಗ್ ಬಾಗಿಲಲ್ಲಿ ಕೂತು ಉಗುರು ತೆಗೆಯುತ್ತಿದ್ದ.

"ಹಣೆ ಒಡೆದು ಸತ್ತೋನ ಮುಖ ಇಷ್ಟು ನೀಲಿ ಯಾಕಯ್ಯ?"

"ಯಾಕೋ."

"ನೋಡಲ್ವಾ?"

"ನೋಡ್ಬೇಕಾದ್ರೆ ಹುಳಿನೀರು ಕಾಯಿಸಿ, ಹೆಂಡದ ತಳದ ಗಷ್ಟಿನ ಜೊತೆ ಮೈಗೆ ಹಾಕಿ, ಬಟ್ಟೆ ಹೊದಿಸ್ಬೇಕು. ಆಗ ಒಳಗಿನ ಪೆಟ್ಟು ಮೇಲೇಳತ್ತೆ. ಬಿಸಿ ಇಲ್ದೆ ಏಳಲ್ಲ. ಬೆಂಕಿ ಹಚ್ಚಂಗಿಲ್ಲ. ನಾನೇನ್ ಮಾಡ್ಲಿ?"

"ಹಬ್ಬ ಮುಗಿದ್ಮೇಲೆ ಮಾಡು."

"ನಾಳೆ ಸಂಜೆ ಹೆಣದ ಪೆಟ್ಟಿಗೆ ಮುಚ್ತಾರೆ. ಆಮೇಲೆ ಎಲ್ರೂ ಹಿರಿಯರ ಸಮಾಧಿ ಗುಡಿಸೋಕೆ ಹೋಗ್ಬೇಕಲ್ಲ. ನಿಮ್ಮ ಹುಡುಗ ಹೇಗೂ ಒಪ್ಪಿದ್ದಾನೆ. ನ್ಯಾಯ ಹೇಳೋ ಸಾಹೇಬ್ರು ನಾಳೆನೇ ತೀರ್ಪಿಗೆ ಮುದ್ರೆ ಹಾಕ್ತಾರೆ."

ಮುದ್ರೆ ಬಿದ್ದರೆ ವೆನ್‌ಶೌನ ತಲೆ ಬೀಳುತ್ತದೆ. ಈ ಮನುಷ್ಯನಿಗೆ ಉಗುರಿನ ಚಿಂತೆ.

ಮೂರನೇ ದಿನ. ಸಂಜೆ

ಬರೆಯುವ ಕೈ ಮಾತ್ರ ನೆಟ್ಟಗಿದೆ. ಬೆನ್ನಿನ ಕೆಳಗಿನದು ನನ್ನದಲ್ಲ. ಅದಿರಲಿ.

ನಡುಮಧ್ಯಾಹ್ನ, ಪಾಂಗನ ಅಂಗಡಿಯ ಅಂಗಳದಲ್ಲೇ ಒಲೆ ಹೂಡಿದೆ. ಸೌದೆ ಎಲ್ಲಿಂದ ತರಲಿ? ಬೀಸಣಿಗೆಗೆಂದು ಸೀಳಿಟ್ಟ ಬಿದಿರಿನ ಕಡ್ಡಿ ಎಲ್ಲ ಹೊತ್ತು ತಂದೆ. ಬೇಸಿಗೆಯ ಸರಕು ಪೂರ್ತಿ. ದಿಂಗ್ ಗೋಡೆಗೆ ಮುಖ ತಿರುಗಿಸಿ ನಿಂತ. "ನಾನು ಏನೂ ನೋಡ್ಲಿಲ್ಲ. ಗಷ್ಟು ಆ ಮೂಲೇಲಿದೆ" ಎಂದ.

ಚಕಮಕಿ ಕಲ್ಲು ಹೊತ್ತಲೊಲ್ಲದು. ಅಷ್ಟರಲ್ಲಿ ಅತ್ತಿಗೆ, ವೆನ್‌ಶೌನ ತಾಯಿ, ಹುಳಿನೀರಿನ ಜಾಡಿ ಕಂಕುಳಲ್ಲಿ ಹೊತ್ತು ಬಂದಳು. ಮಗ ಸೆರೆ ಸೇರಿದಾಗಿನಿಂದ ನನ್ನ ಜೊತೆ ಮಾತಿಲ್ಲ.

"ಮಾತಾಡಿ ಕೆಡಿಸಿದ್ದಾಯ್ತಲ್ಲ. ಆ ಗಾಳೀನೆಲ್ಲ ಈಗ ಒಲೆಗೆ ಊದಿ."

ಊದಿದೆ. ಹತ್ತಿಕೊಂಡಿತು. ಒಳ್ಳೆ ಒಣಗಿದ ಬಿದಿರು, ಪಟಪಟ ಸದ್ದು ಬೇರೆ. ಹೊಗೆ ನೇರ ಮೇಲಕ್ಕೆ. ಬೆಂಕಿ ಕಾವಲು ಗೋಪುರದವರು ಬಾವುಟ ಹಾರಿಸಿದರು. ಹುಳಿನೀರು ಕುದಿಯುವಷ್ಟರಲ್ಲಿ ಅರ್ಧ ಪಟ್ಟಣ ಅಂಗಳದಲ್ಲಿ. ಬಕೆಟ್ ಹಿಡಿದ ಸಿಪಾಯಿಗಳು, ಪಾಂಗನ ನೆಂಟರು, ಮುದ್ರೆ ಹಾಕಲು ಹೊರಟಿದ್ದ ಸಾಹೇಬರು. ಎಲ್ಲರ ಮುಂದೆ ಹೌ.

"ಹೊಯ್ರಿ ನೀರು! ಕಟ್ರಿ ಇವನ್ನ!"

ಅತ್ತಿಗೆ ಒಲೆಗೆ ಅಡ್ಡ ನಿಂತಳು. "ನನ್ ಮೇಲೆ ಹೊಯ್ರಿ ಮೊದ್ಲು."

ಸಾಹೇಬರು ಕೈಯೆತ್ತಿದರು. "ಕಾದದ್ದಂತೂ ಕಾದಿದೆ. ಹಾಕಪ್ಪ ದಿಂಗ್. ಏಟು ಆಮೇಲೆ."

ಗಷ್ಟು ಬಳಿದು, ಬಟ್ಟೆ ಹೊದಿಸಿ ಕಾದೆವು. ನನ್ನ ಜೀವಮಾನದಲ್ಲಿ ಅಷ್ಟು ಹೊತ್ತು ಸುಮ್ಮನೆ ಕೂತಿದ್ದಿಲ್ಲ. ಬಟ್ಟೆ ತೆಗೆದಾಗ ಪಾಂಗನ ಕತ್ತಿನ ಮೇಲೆ ಕೈಯ ಗುರುತು ಎದ್ದಿತ್ತು. ಒಂದು ಕಡೆ ನಾಲ್ಕು ಬೆರಳು. ಇನ್ನೊಂದು ಕಡೆ ಹೆಬ್ಬೆರಳು, ಅದರ ಬುಡದಲ್ಲಿ ಅಗಲವಾದ ಪಟ್ಟಿ. ಉಂಗುರದ ಅಚ್ಚು.

ಎಲ್ಲರೂ ಬಗ್ಗಿ ನೋಡಿದರು. ಹೌ ಮಾತ್ರ ಬಲಗೈಯನ್ನು ಅಂಗಿಯ ತೋಳಿನೊಳಗೆ ಎಳೆದುಕೊಂಡ. ಎಳೆದುಕೊಳ್ಳದಿದ್ದರೆ ಅಷ್ಟು ಜನ ಒಟ್ಟಿಗೆ ತಿರುಗಿ ನೋಡುತ್ತಿರಲಿಲ್ಲ.

ಸಾಹೇಬರು ಗದರಿಸಿದಾಗ ಹೌ ಬಾಯಿಬಿಟ್ಟ. ಕಾರಣ ಕೇಳಿದರೆ ಅಳಬೇಕೋ ನಗಬೇಕೋ. ಕೇರಿಯ ಬೂದಿಯನ್ನೆಲ್ಲ ಕೆದಕುವ ಮಹಾಶಯ ತನ್ನ ಹಿತ್ತಿಲಲ್ಲಿ ಹೆಂಡ ಬಿಸಿ ಮಾಡುತ್ತಿದ್ದ. ಹಿತ್ತಿಲಿಗೆ ತಾಗಿದ ಅಕ್ಕಿ ಅಂಗಡಿಯ ಹಿಂಬಾಗಿಲಿನಿಂದ ಬಂದ ಪಾಂಗ್ ಕಂಡುಬಿಟ್ಟ. ಕಂಡು ನಕ್ಕ. ಕೇರಿಗೆಲ್ಲ ಕೇಳುವ ಹಾಗೆ ನಕ್ಕ. ನಗು ನಿಲ್ಲಿಸಲು ಇವನು ಕತ್ತು ಹಿಡಿದ, ಉಸಿರೇ ನಿಂತುಹೋಯಿತು. ಆಗ ಹೌಗೆ ಹೊಳೆದದ್ದು ಚಹಾದಂಗಡಿಯ ನನ್ನ ಮಾತು. ಹೆಣವನ್ನು ಅಂಗಡಿಗೆ ಸಾಗಿಸಿ, ಹಣೆ ಒಡೆದು, ಡಬ್ಬ ಪಕ್ಕಕ್ಕಿಟ್ಟ.

ಹೌನನ್ನು ಕಟ್ಟಿದರು. ಆಮೇಲೆ ನನ್ನನ್ನು ಮಲಗಿಸಿದರು. ಒಲೆ ಹಚ್ಚಿದ್ದಕ್ಕೆ ಏಟು, ಕಾನೂನು ಕಾನೂನೇ ಅಂತೆ. ಕೊಲೆಗಾರನನ್ನು ಹಿಡಿದುಕೊಟ್ಟವನಿಗೆ! ಕೂಗಲಿಲ್ಲ. ಸ್ವಲ್ಪ ಕೂಗಿದೆ.

ಹಬ್ಬ ಮುಗಿದು ಒಲೆಗಳಿಗೆ ಹೊಸ ಬೆಂಕಿ ಬಂದ ಆರನೇ ದಿನ. ಬೆಳಿಗ್ಗೆ

ಇಷ್ಟು ದಿನ ಬರೆಯಲಾಗಲಿಲ್ಲ. ಬೋರಲು ಮಲಗಿಯೇ ಬರೆಯುತ್ತಿದ್ದೇನೆ. ಬಿಸಿ ಗಂಜಿ ಬರುತ್ತಿದೆ. ನೋಡಲು ಬಂದವರಿಗೆ ಏಟಿನ ಕತೆ ಹೇಳೋಣವೆಂದರೆ ಅತ್ತಿಗೆ ಬಾಗಿಲಲ್ಲೇ ನಿಂತಿರುತ್ತಾಳೆ.

ವೆನ್‌ಶೌ ಮುಲಾಮು ಹಚ್ಚುತ್ತಾನೆ. ಬಿಡುಗಡೆಯಾಗಿ ಬಂದಾಗಿನಿಂದ ಮಂಕಾಗಿದ್ದಾನೆ. ಇವತ್ತು ಬಾಯಿಬಿಟ್ಟ.

"ಚಿಕ್ಕಪ್ಪ, ನಿಜವಾಗ್ಲೂ ನೀವು ಮಾಡ್ಲಿಲ್ಲ, ಅಲ್ವಾ?"

"ಇಲ್ಲ ಕಣೋ. ಹೌ ಒಪ್ಪಿದ್ದು ನೀನೂ ಕೇಳ್ದೆಯಲ್ಲ."

"ಹ್ಞೂಂ."

ಎಷ್ಟು ಬೇಸರ ಆ ಹ್ಞೂಂನಲ್ಲಿ! ತಲೆ ಉಳಿಯಿತಲ್ಲ ಎನ್ನುವ ಖುಷಿ ಇಲ್ಲ, ಚಿಕ್ಕಪ್ಪ ಕೊಲೆಗಾರನಲ್ಲ ಎನ್ನುವ ದುಃಖ. ಇವನನ್ನು ಏನು ಮಾಡಲಿ?

"ಹಾಗಾದ್ರೆ ಚಿಯೆನ್ ನದಿ ದಡದಲ್ಲಿ ನೀವು ಹುಲಿ ಹೊಡ್ದಿದ್ದು?"

ಮುಲಾಮಿನ ಕೈ ನಿಂತಿದೆ. ಕಾಯುತ್ತಿದ್ದಾನೆ. ಅದೇ ಬಾಯಿ ತೆರೆದ ಮುಖ. ನಾನು ಏನು ಹೇಳಿದರೂ ನಂಬುತ್ತಾನೆ, ನಂಬಿ ಎದ್ದುಹೋಗಿ ಯಾವುದೋ ಹುಲಿಯ ಮುಂದೆ ನಿಲ್ಲುತ್ತಾನೆ.

"ಕೂತ್ಕೋ" ಎಂದೆ. "ಆ ಹುಲಿ ಇತ್ತಲ್ಲ, ಅದು…"