ಅಕ್ಕನ ಸ್ಕ್ಯಾನ್ ಓದಿದವರು

ಮಾರ್ಚ್ ೧೪, ಗುರುವಾರ

ಅಕ್ಕನ ಹೃದಯದ ಒಂದೇ ಸ್ಕ್ಯಾನನ್ನು ಇಬ್ಬರು ಮಹನೀಯರು ಓದಿದರು. "ಕವಾಟ ಸ್ವಲ್ಪ ಸೋರ್ತಿದೆ, ಮಾತ್ರೆ ಸಾಕು" ಎಂದರು ಬೆಳಗಿನ ಡಾಕ್ಟರು. "ತುಂಬಾ ಸೋರ್ತಿದೆ, ಈ ವಾರವೇ ಆಪರೇಷನ್" ಎಂದರು ಸಂಜೆಯವರು. ನನ್ನ ಹಾಸ್ಯದ ಅಂಕಣವನ್ನೂ ಜನ ಹೀಗೇ ಓದುತ್ತಾರೆ; ಅದರಿಂದ ಯಾರ ಪ್ರಾಣವೂ ಹೋಗುವುದಿಲ್ಲ.

"ಇಬ್ಬರಲ್ಲಿ ಸುಳ್ಳು ಯಾರದ್ದೋ?" ಎಂದಳು ಅಕ್ಕ.

"ಯಾರದ್ದೂ ಅಲ್ಲ ಅಕ್ಕ. ಪರದೆ ಮೇಲೆ ಸೋರಿಕೆ ಅಳೆಯೋ ಗೆರೆಯನ್ನ ಒಬ್ಬೊಬ್ಬರು ಒಂದೊಂದು ಕಡೆ ಎಳೀತಾರಂತೆ."

"ಹಾಗಾದ್ರೆ ನೀನೇ ಎಳೆಯೋ, ಪಂಡಿತ. ನೀನು ಹೇಳಿದ ಹಾಗೇ ಆಗ್ಲಿ."

ಆಪರೇಷನ್ ಮಾಡಿಸೋಣ ಅಂದುಬಿಟ್ಟೆ. ಧೈರ್ಯ ಮಣ್ಣಂಗಟ್ಟಿ! ಮಾತ್ರೆ ಕೊಟ್ಟು ದಿನವೂ ಅವಳ ಉಸಿರು ಎಣಿಸುತ್ತ ಕೂರುವುದು ನನ್ನಿಂದಾಗದು, ಅಷ್ಟೆ. ಅದು ಗೊತ್ತಿದ್ದೂ ಅಕ್ಕ, "ಹೆದರಬೇಡ್ವೋ" ಎಂದು ನನ್ನ ಬೆನ್ನು ಸವರಿ ಆಪರೇಷನ್ನಿನ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದಳು.