ಮಕ್ಕಳ ಶೌಚಾಲಯಕ್ಕೆ ಬೀಗವೇಕೆ?

ಮಾನ್ಯರೇ,

ನಗರದ ಶಿಶುವಿಹಾರಗಳ ಮೇಲ್ವಿಚಾರಣೆ ತಮ್ಮ ಕೈಯಲ್ಲಿದೆ. ನಂತೂರಿನ ನಮ್ಮ ಶಿಶುವಿಹಾರಕ್ಕೆ ತಾವು ಕಟ್ಟಿಸಿಕೊಟ್ಟ ಹೊಸ ಶೌಚಾಲಯಕ್ಕೆ ತಾವೇ ಬೀಗ ಹಾಕಿಸಿದ್ದೀರಿ. ಮಕ್ಕಳು ಅದನ್ನು ಗಲೀಜು ಮಾಡುತ್ತಾರಂತೆ. ಮೇಲಿನವರು ತಪಾಸಣೆಗೆ ಬರುವವರೆಗೆ ಅದು ಹೊಳೆಯುತ್ತಿರಬೇಕಂತೆ. ಅಲ್ಲಿಯವರೆಗೆ ಮಕ್ಕಳು ಡೈಪರ್ ಹಾಕಿಕೊಂಡೇ ಬರಬೇಕಂತೆ. ಎಂಥ ದೂರದೃಷ್ಟಿ! ಉಂಡರೆ ತಟ್ಟೆ ಕೊಳೆಯಾಗುತ್ತದೆಂದು ಊಟವನ್ನೂ ನಿಲ್ಲಿಸಬಹುದಿತ್ತಲ್ಲ?

ನಾನು ಕೊಡಿಯಾಲ್‌ಬೈಲಿನ ಔಷಧದಂಗಡಿಯಲ್ಲಿ ಕೆಲಸ ಮಾಡುವವಳು. ದಿನವೂ ಡೈಪರ್ ಮಾರುತ್ತೇನೆ. ತಮ್ಮ ಆದೇಶದಿಂದ ನಮ್ಮ ಅಂಗಡಿಗೆ ಲಾಭವೇ. ನಷ್ಟವಾದದ್ದು ನನ್ನ ಮಗಳು ಲೈಲಾಳಿಗೆ.

ಅವಳಿಗೆ ಮೂರೂವರೆ ವರ್ಷ. ಈ ಬೇಸಿಗೆಯಲ್ಲಿ ಒಬ್ಬಳೇ ಬಾತ್‌ರೂಮಿಗೆ ಹೋಗುವುದನ್ನು ಕಲಿಸಿದೆ. ಚಡ್ಡಿ ಜಾರಿಸುವುದು, ಸರಿಯಾಗಿ ಕೂರುವುದು, ಮುಂದಿನಿಂದ ಹಿಂದಕ್ಕೆ ತೊಳೆದುಕೊಳ್ಳುವುದು, ಆಮೇಲೆ ಸೋಪು ಹಾಕಿ ಕೈ ತೊಳೆಯುವುದು. ಮೊದಮೊದಲು ಮಗ್ಗಿನ ನೀರೆಲ್ಲ ಅವಳ ಪಾದಕ್ಕೆ, ಸೋಪು ಗುಂಡಿಯೊಳಕ್ಕೆ. ನೆಲ ಒರೆಸಿ ಒರೆಸಿ ನನ್ನ ಸೊಂಟ ಬಿದ್ದುಹೋಯಿತು. ಕೊನೆಗೊಂದು ದಿನ ಬಾಗಿಲ ಸಂದಿಯಿಂದ ಮುಖ ಹೊರಹಾಕಿ, “ಉಮ್ಮಾ, ನೀನು ಬರ್ಬೇಡ. ನಾನೇ ತೊಳೆದಾಯ್ತು” ಎಂದಳು. ಆ ಮುಖವನ್ನು ತಾವು ನೋಡಬೇಕಿತ್ತು.

ಅಂಥವಳಿಗೆ ಮತ್ತೆ ಡೈಪರ್ ಹಾಕು ಎಂದಿರಿ. “ಅದು ಪಾಪುವಿಗೆ. ನಾನು ಪಾಪು ಅಲ್ಲ” ಎಂದು ಕಿತ್ತೆಸೆದಳು. ಚಡ್ಡಿಯಲ್ಲೇ ಶಿಶುವಿಹಾರಕ್ಕೆ ಹೋದಳು, ಬೀಗ ಕಂಡಳು, ಯಾರಿಗೂ ಹೇಳದೆ ಮನೆಗೆ ಬರುವವರೆಗೂ ಮೂತ್ರ ಕಟ್ಟಿಕೊಂಡು ಕುಳಿತಳು. ಒದ್ದೆಯಾದರೆ ನಾಚಿಕೆಯೆಂದು ನೀರು ಕುಡಿಯುವುದನ್ನೇ ಬಿಟ್ಟಳು. ವಾರದೊಳಗೆ ಜ್ವರ, ಮೂತ್ರ ಮಾಡುವಾಗ ಉರಿಯೆಂದು ಕಿರುಚಾಟ. ಮೂತ್ರದ ಸೋಂಕು ಎಂದರು ಡಾಕ್ಟರು. ಜ್ವರವೇನೋ ಇಳಿಯಿತು. ಆದರೆ ಈಗ ಮನೆಯಲ್ಲೂ ಬಾತ್‌ರೂಮಿನ ಹೊರಗೆ ನಿಂತು ಕೇಳತೊಡಗಿದಳು: “ಉಮ್ಮಾ, ಹೋಗ್ಬಹುದಾ?”

ಶಿಶುವಿಹಾರದ ವೆರೋನಿಕಾ ಟೀಚರನ್ನು ಕೇಳಿದೆ. “ನಾನೆಂತ ಮಾಡುವುದು ಮಾರಾಯ್ತಿ? ಕೀ ನನ್ನತ್ರ ಇಲ್ಲ. ಮೇಲಿನ ಆರ್ಡರ್ ಉಂಟು” ಎಂದರು. ತಮ್ಮ ಕಚೇರಿಗೇ ಬಂದೆ. ತಾವು ತಲೆ ಎತ್ತದೆ, “ಒಂದು ಡೈಪರ್ ಹಾಕಿದರೆ ಮುಗಿಯಿತಲ್ಲಮ್ಮ? ಇದನ್ನೆಲ್ಲ ಕಲಿಸುವುದು ಮನೆಯವರ ಕೆಲಸ” ಎಂದಿರಿ. ಕಲಿಸಿದ್ದೇನೆ ಸ್ವಾಮಿ! ಕಲಿತದ್ದನ್ನು ಮಾಡಲು ಜಾಗ ಕೊಡುವುದು ಯಾರ ಕೆಲಸ? ತಮ್ಮ ಕಚೇರಿಯ ಶೌಚಾಲಯಕ್ಕೂ ತಪಾಸಣೆಯವರೆಗೆ ಬೀಗ ಜಡಿದು, ತಾವೂ ಒಂದು ದಿನ ಹೀಗೇ ಕೂರುವಿರಾ?

ಕಳೆದ ಸೋಮವಾರ ನಾವು ತಾಯಂದಿರು ಸೇರಿ ಶಿಶುವಿಹಾರಕ್ಕೆ ಹೋದೆವು. ಲೈಲಾಳ ಗೆಳತಿಯ ಅಮ್ಮ ವಿನಿತಾ ಬ್ಯಾಗಿನಿಂದ ಸ್ಕ್ರೂಡ್ರೈವರ್ ತೆಗೆದಳು. ನಾವು ಟೀಚರ ಮುಖ ನೋಡಿದೆವು.

“ಕೀ ಇಲ್ಲ ಅಂತ ಮಾತ್ರ ನಾನು ಹೇಳಿದ್ದು. ಸ್ಕ್ರೂ ಬಗ್ಗೆ ಎಂತದೂ ಹೇಳ್ಲಿಲ್ಲ” ಎಂದರು ಅವರು.

ಚಿಲಕ ಬೀಗದ ಸಮೇತ ಕೈಗೆ ಬಂತು. ಒಳಗೆ ನೋಡಿದರೆ ನಲ್ಲಿ ನಮ್ಮ ಭುಜದೆತ್ತರಕ್ಕಿದೆ! ಮಕ್ಕಳಿಗೆಂದೇ ಕಟ್ಟಿದ್ದೆಂದು ಕೇಳಿದ್ದೆವು. ಬಕೆಟ್ಟು, ಪುಟ್ಟ ಮಗ್ಗು, ಸೋಪು ಇಟ್ಟೆವು. ಲೈಲಾ ಹೊಸ್ತಿಲಲ್ಲಿ ನಿಂತು ನನ್ನನ್ನೇ ನೋಡಿದಳು.

“ಕೇಳ್ಬೇಕೂಂತ ಇಲ್ಲ ಮಗಳೇ” ಎಂದೆ.

ಹೋದಳು. ಒಳಗೆ ಬಹಳ ಹೊತ್ತು ನೀರಿನ ಸದ್ದು. ಹೊರಬಂದು ಒದ್ದೆ ಕೈಗಳನ್ನು ನನ್ನ ಶಾಲಿಗೆ ಒರೆಸಿಕೊಂಡು, ಆಡಲು ಓಡಿದಳು. ತಮ್ಮ ಟೈಲ್ಸಿನ ಮೇಲೆಲ್ಲ ನೀರು ಚೆಲ್ಲಿತ್ತು. ಒರೆಸಿದೆವು. ಅಷ್ಟೇ ತಾನೇ?

ಸರ್ಕಾರಿ ಸೊತ್ತಿಗೆ ಹಾನಿ ಎಂದು ದೂರು ಕೊಡುವುದಿದ್ದರೆ ಮೊದಲ ಹೆಸರು ನನ್ನದಿರಲಿ. ಟೀಚರ ತಂಟೆಗೆ ಹೋಗಬೇಡಿ. ಡೈಪರಿನ ಆದೇಶ ಹಿಂದೆಗೆದುಕೊಳ್ಳಿ. ನಲ್ಲಿಯನ್ನು ಮಗುವಿನ ಕೈಗೆ ಎಟುಕುವಷ್ಟು ಇಳಿಸಿ. ಹೊಸ ಬೀಗ ಬಂದರೆ ಅದನ್ನೂ ಕಳಚುತ್ತೇವೆ. ತಪಾಸಣೆಗೆ ಧಾರಾಳವಾಗಿ ಬನ್ನಿ. ಆದರೆ ಬಾಗಿಲು ತಟ್ಟಿ, ಸ್ವಲ್ಪ ಕಾಯಿರಿ. ಒಳಗೆ ಮಗು ಇರುತ್ತದೆ.

ಇಂತಿ,
ತಮ್ಮ ವಿಧೇಯಳಾಗಿರಲು ನೋಡಿ ಸೋತ
ಹಸ್ನಾ
ನಂತೂರು, ಮಂಗಳೂರು